ಬೀಜದ ಕಾಯಿ ಮತ್ತು ಹರಿದ ಪುಸ್ತಕ

ನನ್ನ ದಿಂಬಿನ ಪಕ್ಕದಲ್ಲಿ ಒಂದು ಪುಸ್ತಕವಿದೆ. ಅದರ ಇಪ್ಪತ್ತಮೂರನೆಯ ಪುಟದಲ್ಲಿ ಮಧುಗಿರಿಯಿಂದ ಕೊರಟಗೆರೆಗೆ ಹೋದ ಬಸ್ ಟಿಕೆಟ್ಟೊಂದು ಸಂಕ್ರಾಂತಿಯಿಂದಲೂ ಮಲಗಿದೆ. ಯಾರಾದರೂ ಮನೆಗೆ ಬರುತ್ತಾರೆಂದು ಗೊತ್ತಾದರೆ ಟಿಕೆಟ್ಟನ್ನು ತೆಗೆದು ನೂರನೆಯ ಪುಟದ ಆಸುಪಾಸಿನಲ್ಲಿ ಇಡುತ್ತೇನೆ. ಅವರು ಕಾಫಿ ಕುಡಿದು ಹೋದ ಮೇಲೆ ಮತ್ತೆ ಇಪ್ಪತ್ತಮೂರಕ್ಕೆ ತರುತ್ತೇನೆ. ಹೊಳವನಹಳ್ಳಿಯ ಕಡೆ, ಕೊರಟಗೆರೆಯ ಕಡೆ ಅಂತ ಇಡೀ ಆಯುಷ್ಯ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಇಷ್ಟು ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬೇಡವೇ?

ಹೀಗಿರುವಾಗ ಏಪ್ರಿಲಿನಲ್ಲಿ ಶಿರಾದ ಒಂದು ಶಾಲೆಯಿಂದ ಫೋನ್ ಬಂತು. ಮಾಡಿದವಳು ಒಂದು ಕಾಲದ ನನ್ನ ವಿದ್ಯಾರ್ಥಿನಿ, ಈಗ ಅಲ್ಲಿ ಟೀಚರು. "ಮಿಸ್, ರಜೆ ಕೊಡೋ ದಿನ ಬಂದು ಮಕ್ಕಳಿಗೆ ಎರಡು ಮಾತು ಹೇಳ್ಬೇಕು. ರಜೇಲೂ ಓದೋದು ಬಿಡಬೇಡಿ ಅಂತ. ನೀವು ಹೇಳಿದ್ರೆ ಕೇಳ್ತಾರೆ" ಅಂದಳು. ನಾನು ಹೇಳಿದ್ದನ್ನು ನಾನೇ ಕೇಳುತ್ತಿಲ್ಲ ಎಂಬುದು ಪಾಪ ಅವಳಿಗೇನು ಗೊತ್ತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂದು ನನ್ನನ್ನು ನಾನೇ ಬೈದುಕೊಂಡು ಒಪ್ಪಿಕೊಂಡೆ. ಬದನೆಕಾಯಿ ತಿನ್ನುವವರೆಲ್ಲ ಬಾಯಿ ಮುಚ್ಚಿಕೊಂಡರೆ ಲೋಕದಲ್ಲಿ ಪುರಾಣ ಹೇಳುವವರೇ ಇರುವುದಿಲ್ಲ.

ರಜೆ ಕೊಡುವ ದಿನ ಮಕ್ಕಳಿಗೆ ಉಪದೇಶ ಮಾಡುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ದೇಹ ಕ್ಲಾಸಿನಲ್ಲಿರುತ್ತದೆ, ಮನಸ್ಸು ಆಗಲೇ ಅಜ್ಜಿಯ ಊರಿನ ಮಾವಿನ ಮರದ ಮೇಲಿರುತ್ತದೆ. ನಾನು "ದೇಶ ಸುತ್ತು, ಕೋಶ ಓದು" ಎಂದೆ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದೆ. ಆ ಗಾದೆ ಓದಿಗಿಂತ ಬುದ್ಧಿಯೇ ದೊಡ್ಡದು ಅನ್ನುತ್ತದೆ, ನನ್ನ ಕೇಸಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ ಎಂಬುದು ಹೇಳಿದ ಮೇಲೆ ಹೊಳೆಯಿತು. ಮಕ್ಕಳು ತಲೆಯಾಡಿಸಿದರು. ಡ್ರೈವರು ಟೀ ಕುಡಿದು ಬರಲೆಂದು ಬಸ್ಸಿನೊಳಗೆ ಕಾಯುವವರ ಮುಖ ಎಲ್ಲರದೂ.

ಆಗ ಕಿಟಕಿಯ ಪಕ್ಕದ ಒಬ್ಬ ಹುಡುಗಿ ಎದ್ದು ನಿಂತಳು. ಏಳನೇ ಕ್ಲಾಸು, ಹೆಸರು ಶಾಹೀನ್. "ಮಿಸ್, ನೀವು ಚಿಕ್ಕೋರಿದ್ದಾಗ ರಜದಾಗೆ ಓದ್ತಿದ್ರಾ? ನಿಜ ಹೇಳಿ."

ಓದುತ್ತಿದ್ದೆ ಎಂದೆ. ಯಾಕೆ ಎಂದಳು. ಜ್ಞಾನದಾಹ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಜ ಹೇಳಿ ಎಂದು ಮೊದಲೇ ಕಟ್ಟಿಹಾಕಿದ್ದಳಲ್ಲ, ನುಂಗಿಕೊಂಡೆ. "ಕಡಲೆಕಾಯಿ ಸುಲಿಯೋದು ತಪ್ಪಿಸ್ಕೊಳ್ಳೋಕೆ" ಎಂದೆ. ಆವತ್ತು ಮೊದಲ ಸಲ ಕ್ಲಾಸಿನ ಮುಖಗಳು ನನ್ನ ಕಡೆ ತಿರುಗಿದವು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮೂರು ಪಾವಗಡ ತಾಲ್ಲೂಕಿನಲ್ಲಿ ವೈ.ಎನ್.ಹೊಸಕೋಟೆಯ ಹತ್ತಿರ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ರಾಜಿಯಾಗುವ ಊರು. ಅಲ್ಲಿ ಬೇಸಿಗೆ ರಜೆ ಅಂದರೆ ಬೀಜದ ಕಾಯಿ ಸುಲಿಯುವ ಕಾಲ. ಮಳೆ ಬಿದ್ದ ಕೂಡಲೇ ಬಿತ್ತಬೇಕಾದ ಕಡಲೆಕಾಯಿ ಅದು. ಮಿಷನ್ನಿಗೆ ಹಾಕಿದರೆ ಬೇಳೆ ಒಡೆಯುತ್ತದೆ, ಒಡೆದದ್ದು ಮೊಳೆಯುವುದಿಲ್ಲ. ಆದ್ದರಿಂದ ಒಂದೊಂದೇ ಕಾಯಿಯನ್ನು ಹೆಬ್ಬೆರಳಿನಲ್ಲಿ ಅಮುಕಿ ಸುಲಿಯಬೇಕು. ನಮ್ಮ ಮನೆಯ ಮುಂದಿನ ಹೊಂಗೆಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕೂರುತ್ತಿದ್ದರು. ಮೂರನೆಯ ದಿನಕ್ಕೆ ಹೆಬ್ಬೆರಳು ಬಾತುಕೊಂಡು, ಅನ್ನಕ್ಕೆ ಸಾರು ಕಲಸಿದರೆ ಉರಿಯುತ್ತಿತ್ತು.

ಇದರಲ್ಲಿ ಇನ್ನೊಂದು ತಾಪತ್ರಯವಿತ್ತು. ಕೈ ಸುಲಿಯುತ್ತಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಬಿತ್ತನೆಯ ಬೀಜ ಹೊಟ್ಟೆ ಸೇರುತ್ತದೆ. ಯಾರಿಗಾದರೂ ತಿನ್ನಬೇಡ ಎಂದು ಹೇಳಲಾದೀತೇ? ಅದಕ್ಕೇ ನಮ್ಮ ಕಡೆ ಹಿಂದಿನಿಂದ ಒಂದು ಉಪಾಯವಿತ್ತು. ಕಾಯಿ ಸುಲಿಯುವವರು ಹಾಡುತ್ತಲೇ ಇರಬೇಕು. ಹಾಡು ನಿಂತಿತೆಂದರೆ ನಮ್ಮಜ್ಜಿ ಒಳಗಿನಿಂದಲೇ "ಏನ್ರೇ, ಉಸಿರೇ ಇಲ್ಲ?" ಎಂದು ಕೂಗುತ್ತಿದ್ದಳು. ನನ್ನನ್ನೂ ಹಾಡಲು ಕೂರಿಸಿ ನೋಡಿದರು. ನನ್ನ ರಾಗ ಕೇಳಿ ಹೆಂಗಸರು ನಕ್ಕು ನಕ್ಕು ಕೆಲಸ ಕೆಟ್ಟಿತು. ಕೊನೆಗೆ ಅಜ್ಜಿಯೇ, "ಇಸ್ಕೂಲ್ನಿಂದ ಬುಕ್ಕು ತಂದಿದೀಯಲ್ಲ, ಅದ್ನೇ ಗಟ್ಟಿಯಾಗಿ ಓದು. ಕತೆ ಕೇಳೋ ಬಾಯಿ ಕಾಯಿ ತಿನ್ನಲ್ಲ" ಅಂದಳು. ಓದುವವಳು ಸುಲಿಯಬೇಕಾಗಿಲ್ಲ ಎಂಬ ಕಾನೂನೂ ಆವತ್ತೇ ಪಾಸಾಯಿತು. ನನ್ನ ವ್ಯಾಸಂಗದ ಮೂಲ ಅಲ್ಲಿದೆ.

ಮೌನವಾಗಿ ಓದುವುದು ಬಹಳ ಹಿಂದಿನ ಅಭ್ಯಾಸವೇನಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ನಮ್ಮ ಹಿರಿಯರಿಗೆ ಓದು ಅಂದರೆ ಒಬ್ಬರು ಓದುವುದು, ಇಪ್ಪತ್ತು ಜನ ಕೇಳುವುದು. ಪುರಾಣ ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಮಧ್ಯೆ ಎದ್ದು ಪ್ರಶ್ನೆ ಕೇಳುವ ಅಧಿಕಪ್ರಸಂಗಿಯೊಬ್ಬ. ಅಕ್ಷರ ಬಾರದವರೂ ಆಗ ಓದುಗರೇ. ಈಗ ನಾವು ಪುಸ್ತಕವನ್ನು ಒಬ್ಬೊಬ್ಬರೇ ಮೂಲೆ ಹಿಡಿದು ಓದುತ್ತೇವೆ, ಇಪ್ಪತ್ತಮೂರನೆಯ ಪುಟದಲ್ಲಿ ನಿಂತುಬಿಟ್ಟರೆ "ಮುಂದೇನಾಯ್ತು?" ಎಂದು ಕೇಳುವವರಿಲ್ಲ.

ಸರಿ, ಪುಸ್ತಕ ಎಲ್ಲಿಂದ ಬರುತ್ತಿತ್ತು? ನಮ್ಮ ಪ್ರೈಮರಿ ಶಾಲೆಯಲ್ಲಿ ಒಂದು ಕಬ್ಬಿಣದ ಬೀರುವಿತ್ತು. ಅದರಲ್ಲಿದ್ದ ಚೆನ್ನಾಗಿರುವ ಪುಸ್ತಕಗಳೆಲ್ಲ ಇನ್‌ಸ್ಪೆಕ್ಟರಿಗೆ ತೋರಿಸಲು, ಹರಿದವು ನಮಗೆ ಓದಲು. ನಮ್ಮ ಮೇಷ್ಟ್ರು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆ ರಜೆಗೆ ನನ್ನ ಪಾಲಿಗೆ ಬಂದದ್ದು ರಟ್ಟೂ ಇಲ್ಲದ, ಹೆಸರೂ ಇಲ್ಲದ ಒಂದು ಕಾದಂಬರಿ. ಸುಮತಿ ಎಂಬವಳು ತಾನು ಮೆಚ್ಚಿದವನನ್ನು ಮದುವೆಯಾಗಿ ಮನೆ ಬಿಟ್ಟು ಹೋಗುತ್ತಾಳೆ. ಇನ್ನು ನಿನಗೆ ಈ ಬಾಗಿಲು ಮುಚ್ಚಿತು ಎನ್ನುತ್ತಾರೆ ಮನೆಯವರು. ನಾನು ದಿನಕ್ಕಿಷ್ಟು ಓದಿದೆ. ಹೆಂಗಸರು ಸುಮತಿಯನ್ನು ಬೈದರು, ಅವಳ ಅಪ್ಪನನ್ನು ಇನ್ನೂ ಜಾಸ್ತಿ ಬೈದರು. ಅವರಲ್ಲಿ ನರಸಕ್ಕ ಒಬ್ಬಳು ಮಾತ್ರ ಯಾರನ್ನೂ ಬೈಯದೆ ತಲೆ ತಗ್ಗಿಸಿ ಸುಲಿಯುತ್ತಿದ್ದಳು.

ಎಂಟನೆಯ ದಿನ ಸುಮತಿ ಕಂಕುಳಲ್ಲಿ ಮಗು ಎತ್ತಿಕೊಂಡು ತವರಿಗೆ ಬಂದಳು. 'ಸುಮತಿ ಬಾಗಿಲು ತಟ್ಟಿದಳು. ಒಳಗಿನಿಂದ' ಎಂದು ಓದಿ ಹಾಳೆ ತಿರುವಿದರೆ, ಮುಂದೆ ಏನೂ ಇಲ್ಲ. ಹೊಲಿಗೆಯ ದಾರ ನೇತಾಡುತ್ತಿತ್ತು.

ಹನ್ನೆರಡು ಜೊತೆ ಕಣ್ಣು ನನ್ನ ಮೇಲೆ. ಪುಸ್ತಕ ಮುಗಿಯಿತು ಅಂದರೆ ನಾನೂ ಸುಲಿಯಲು ಕೂರಬೇಕು ಎಂಬ ಭಯ ಬೇರೆ. ಹಾಗಾಗಿ ಕಣ್ಣನ್ನು ಹಿಂದಿನ ಪುಟದ ಮೇಲೆ ನೆಟ್ಟು, ಬಾಯಿಗೆ ಬಂದದ್ದನ್ನು ಓದಿದೆ. ಒಳಗಿನಿಂದ ಸುಮತಿಯ ಅವ್ವ ಬಂದಳು, ಬಾಗಿಲು ತೆಗೆದಳು, ಮಗುವನ್ನು ಇಸಿದುಕೊಂಡಳು. ಬಿಸಿಲಲ್ಲಿ ಬಂದಿದ್ದೀಯ, ಮೊದಲು ನೀರು ಕುಡಿ ಎಂದಳು. ನಮ್ಮೂರಿನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ಹೇಳುವ ಮಾತು ಅದು. ಬೇರೆ ಏನೂ ನನಗೆ ತೋಚಲಿಲ್ಲ.

ನರಸಕ್ಕನ ಕೈ ನಿಂತುಹೋಗಿತ್ತು. "ಅಂಗಂತ ಅದ್ರಾಗೆ ಬರ್ದೈತಾ?" ಎಂದಳು.

"ಐತೆ."

"ಎಲ್ಲಿ, ತೋರ್ಸು ಪಾಪ."

ನಾನು ಯಾವುದೋ ಒಂದು ಸಾಲು ತೋರಿಸಿದೆ. ಅಕ್ಷರ ಬಾರದ ನರಸಕ್ಕ ತನ್ನ ಬಾತುಕೊಂಡ ಹೆಬ್ಬೆರಳನ್ನು ಆ ಸಾಲಿನ ಮೇಲೆ ಒತ್ತಿದಳು. ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಶಿರಾ ಬಸ್ಸು ಹತ್ತಿದಳಂತೆ. ಮಗಳು ರತ್ನ ಮನೆಗೆ ಹೇಳದೆ ಮದುವೆಯಾಗಿ ಶಿರಾದ ಹತ್ತಿರ ಒಂದು ಹಳ್ಳಿಯಲ್ಲಿದ್ದಾಳೆ, ಮೂರು ವರ್ಷದಿಂದ ತಾಯಿ ಮಗಳಿಗೆ ಮಾತಿಲ್ಲ ಎಂಬುದು ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. "ಬುಕ್ನಾಗೇ ಅಚ್ಚಾಗೈತಂತೆ, ಇನ್ನೇನು ಕಾಯೋದು ಅಂದ್ಲು ಕಣೇ" ಎಂದು ಅಜ್ಜಿ ಹೇಳಿದಳು. ನಾಲ್ಕು ದಿನಕ್ಕೆ ರತ್ನ ಕೂಸಿನೊಂದಿಗೆ ತವರಿಗೆ ಬಂದಳು.

ಮುಂದೆ ನಾನು ಹೈಸ್ಕೂಲಿಗೆಂದು ಮಧುಗಿರಿಗೆ ಸೇರಿದೆ. ಅಲ್ಲಿಯ ಲೈಬ್ರರಿಯಲ್ಲಿ ಒಂದು ದಿನ ಸುಮತಿ ಸಿಕ್ಕಳು, ರಟ್ಟು ಹೆಸರು ಎಲ್ಲ ಸಮೇತ. ನಿಂತುಕೊಂಡೇ ಕೊನೆಯ ಹಾಳೆ ತಿರುವಿದೆ. ಅಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಒಳಗಿನಿಂದ ಅವಳ ತಾಯಿಯ ದನಿಯೇ ಕೇಳುತ್ತದೆ: ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ. ಮುಗಿಯಿತು. ನಾನು ಅತ್ತೆ. ಸುಮತಿಗಾಗಿ ಅತ್ತದ್ದು ಸ್ವಲ್ಪ, ನನ್ನ ತಪ್ಪಿಗಾಗಿ ಅತ್ತದ್ದು ಬಹಳ. ಅಚ್ಚಾಗಿದೆ ಎಂದು ನಂಬಿ ಬಸ್ಸು ಹತ್ತಿದವಳಿಗೆ ನಾನು ತೋರಿಸಿದ್ದು ಬೇರೆ ಯಾವುದೋ ಸಾಲನ್ನು. ಬೇಸಿಗೆ ರಜೆಗೆ ಆ ಪುಸ್ತಕವನ್ನೇ ಎರವಲು ಪಡೆದು, ನಿಜ ಹೇಳಿಬಿಡಬೇಕು ಎಂದು ಪಾವಗಡದ ಬಸ್ಸಿನಲ್ಲಿ ಕೂತೆ.

ಹೊಂಗೆಮರದ ಕೆಳಗೆ ಆ ಸಲ ನರಸಕ್ಕನ ಪಕ್ಕದಲ್ಲಿ ರತ್ನನೂ ಕೂತು ಸುಲಿಯುತ್ತಿದ್ದಳು. ಅವಳ ಮಗು ಸಿಪ್ಪೆಯ ರಾಶಿಯಲ್ಲಿ ಹೊರಳಾಡುತ್ತಿತ್ತು. ಪುಸ್ತಕ ನೋಡಿದ್ದೇ ನರಸಕ್ಕ, "ಅದೇ ಕತೆನಾ? ಬಾಗ್ಲು ತಟ್ಟೋದು ಓದು ಪಾಪ, ನಮ್ಮ ರತ್ನಿ ಕೇಳಿಲ್ಲ" ಅಂದಳು.

ತೆರೆದೆ. 'ಸುಮತಿ ಬಾಗಿಲು ತಟ್ಟಿದಳು. ಒಳಗಿನಿಂದ.' ಹಾಳೆ ತಿರುವಿದೆ. ಮುಂದಿನ ಸಾಲು ಕಣ್ಣೆದುರಿಗೇ ಇತ್ತು, ಕಪ್ಪಗೆ, ಸ್ಪಷ್ಟವಾಗಿ. ಮಗುವನ್ನು ನೋಡಿದೆ, ನರಸಕ್ಕನನ್ನು ನೋಡಿದೆ. ಬಸ್ಸಿನಲ್ಲಿ ಮಾಡಿದ ನಿರ್ಧಾರ ಬಸ್ಸಿನಲ್ಲೇ ಉಳಿದಿತ್ತು. ಅವ್ವ ಬಾಗಿಲು ತೆಗೆದಳು, ಮಗುವನ್ನು ಇಸಿದುಕೊಂಡಳು, ಬಿಸಿಲಲ್ಲಿ ಬಂದಿದ್ದೀಯ, ಮೊದಲು ಮಜ್ಜಿಗೆ ಕುಡಿ ಎಂದಳು, ಎಂದು ಓದಿದೆ.

"ಮಜ್ಜಿಗೆನಾ?" ನರಸಕ್ಕ ತಲೆಯೆತ್ತಿದಳು. "ಹೋದ್ಸಲ ನೀರು ಅಂದಿದ್ದೆ. ನಂಗೆ ಚೆನ್ನಾಗಿ ಗ್ಯಾಪ್ಕ ಐತೆ. ಅಚ್ಚಾಗಿರೋದು ಹೆಂಗೆ ಬದ್ಲಾಗ್ತೈತೆ?"

ಆಗ ರತ್ನ ನನ್ನ ಕಡೆ ಬಾಗಿ ಪುಟವನ್ನು ನೋಡಿದಳು. ಅವಳು ಏಳನೇ ಕ್ಲಾಸು ಓದಿದವಳೆಂಬುದು ನನಗೆ ನೆನಪಾದದ್ದು ಆಗಲೇ. ಅವಳ ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯುವುದು ಕಾಣುತ್ತಿತ್ತು. ಕೊನೆಯ ಸಾಲಿನ ಮೇಲೆ ನಿಂತಳು. ನಂತರ ನನ್ನ ಮುಖ ನೋಡಿದಳು, ಆಮೇಲೆ ಅವ್ವನ ಕಡೆ ತಿರುಗಿದಳು.

"ನೀರೇ ಕಣಮ್ಮ" ಅಂದಳು. "ಇವ್ಳು ತಪ್ಪು ಓದ್ಬುಟ್ಲು."

ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡು ಮತ್ತೆ ಸುಲಿಯತೊಡಗಿದಳು. ನರಸಕ್ಕನಿಗೆ ಸಮಾಧಾನವಾಯಿತು. ಆ ಮೇಲೆ ನಾನು ಎಷ್ಟೋ ಓದಿದವರನ್ನು ಕಂಡಿದ್ದೇನೆ, ಅವರಲ್ಲಿ ಕೆಲವರು ದೊಡ್ಡ ವಿದ್ವಾಂಸರು. ರತ್ನನಷ್ಟು ಚೆನ್ನಾಗಿ ಒಂದು ಪುಟವನ್ನು ಓದಿದವರು ನನಗೆ ಇನ್ನೂ ಸಿಕ್ಕಿಲ್ಲ.

ಕ್ಲಾಸಿನಲ್ಲಿ ಇಷ್ಟು ಹೇಳಿ ಮುಗಿಸಿದಾಗ ಗಂಟೆ ಹೊಡೆದು ಹೋಗಿತ್ತು. ಯಾರೂ ಎದ್ದಿರಲಿಲ್ಲ. ನಾನು ತಂದಿದ್ದ ಗಾದೆಗಳೆಲ್ಲ ಚೀಲದಲ್ಲೇ ಉಳಿದವು. "ಒಬ್ಬೊಬ್ಬರು ಒಂದು ಪುಸ್ತಕ ತಗೊಂಡು ಹೋಗಿ, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಅಷ್ಟೇ" ಎಂದೆ. ಈಗಿನ ಶಾಲೆಯ ಬೀರು ತೆರೆದೇ ಇತ್ತು, ಚೆನ್ನಾಗಿರುವ ಪುಸ್ತಕಗಳೇ ಮಕ್ಕಳ ಕೈ ಸೇರಿದವು. ಅದನ್ನು ಕಂಡು ಸಂತೋಷವಾಯಿತು. ಹೊರಡುವಾಗ ಶಾಹೀನ್ ಬಾಗಿಲಲ್ಲಿ ಅಡ್ಡ ನಿಂತು, "ಈಗ ನೀವ್ ಯಾವ್ದು ಓದ್ತಿದೀರಾ ಮಿಸ್?" ಎಂದಳು. ಇಪ್ಪತ್ತಮೂರನೆಯ ಪುಟದ ವಿಷಯ ಹೇಳಿಬಿಟ್ಟೆ. ಅವಳು ಬಿದ್ದು ಬಿದ್ದು ನಕ್ಕಳು. "ನಾನು ನಂದು ಮುಗಿಸ್ತೀನಿ, ನೀವು ನಿಮ್ದು ಮುಗ್ಸಿ" ಎಂದು ಕರಾರು ಮಾಡಿಕೊಂಡು ನನ್ನ ಫೋನ್ ನಂಬರನ್ನು ಅಂಗೈಯ ಮೇಲೆ ಬರೆದುಕೊಂಡಳು.

ಮೇ ತಿಂಗಳ ಕೊನೆಯಲ್ಲಿ, ಮಧ್ಯಾಹ್ನ ನಾನು ಫ್ಯಾನಿನ ಕೆಳಗೆ ಪುಸ್ತಕ ಹಿಡಿದು ತೂಕಡಿಸುತ್ತಿದ್ದಾಗ ಫೋನ್ ಬಂತು.

"ಮುಗೀತು ಮಿಸ್! ನಿಮ್ದು?"

"ನೂರ ನಾಲ್ಕನೆಯ ಪುಟ" ಎಂದೆ. ಈ ಸಲ ಟಿಕೆಟ್ಟು ನಿಜವಾಗಿಯೂ ಅಲ್ಲೇ ಇತ್ತು.

"ನಮ್ಮ ದಾದಿಗೆ, ಅಜ್ಜಿಗೆ, ಓದಿ ಹೇಳ್ದೆ. ನಮ್ಮ ದಾದಾ ಇದ್ದಾಗ ಜಟಕಾ ಓಡಿಸ್ತಿದ್ರು. ಅದಕ್ಕೇ ಕುದ್ರೆ ಕತೆ ಅಂದ್ರೆ ದಾದಿಗೆ ಇಷ್ಟ. ಆದ್ರೆ..." ಅವಳ ದನಿ ಸಣ್ಣದಾಯಿತು. ಪಕ್ಕದಲ್ಲಿ ದಾದಿ ಇದ್ದರೆಂದು ಕಾಣುತ್ತದೆ. "ಕೊನೇಲಿ ಕುದ್ರೆ ಸತ್ತೋಗ್ತದೆ ಮಿಸ್. ನಾನು ಸಾಯ್ಸಲಿಲ್ಲ. ಮನೇಗೆ ಬಂತು ಅಂತ ಓದ್ಬುಟ್ಟೆ. ತಪ್ಪಾ?"

ಅಕ್ಷರ ಬಿಟ್ಟು ಓದಿದವರಿಗೆ, ಇಲ್ಲದ್ದನ್ನು ಸೇರಿಸಿ ಓದಿದವರಿಗೆ ನಿರ್ದಾಕ್ಷಿಣ್ಯವಾಗಿ ಅಂಕ ಕಳೆದವಳು ನಾನು. ಹೊಂಗೆಮರ, ಸಿಪ್ಪೆಯ ರಾಶಿ, ಪುಟದ ಮೇಲೆ ಬಾಗಿದ ರತ್ನ ಎಲ್ಲ ಕಣ್ಣ ಮುಂದೆ ಬಂತು.

"ಅಷ್ಟು ದೂರ ಬಿಸಿಲಲ್ಲಿ ಬಂದಿದೆ" ಎಂದೆ. "ಕುದುರೆಗೆ ನೀರು ಕೊಟ್ಟೆಯಾ?"

"ಕೊಟ್ಟೆ ಮಿಸ್" ಅಂದಳು ಶಾಹೀನ್. "ಎರಡು ಬಕೆಟ್ಟು."