ಆದಿವಾಲದ ಹತ್ತೊಂಬತ್ತು ಹೆಸರುಗಳು

2023ರಲ್ಲಿ ನಾನು ಚಿತ್ರದುರ್ಗದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಹಳ್ಳಿಗಳ ಶಿಬಿರದಲ್ಲಿ ಕಣ್ಣಿನ ಒತ್ತಡ ಹೆಚ್ಚಿದೆ ಎಂದು ಕಂಡುಬಂದವರ ಹೆಸರು ದಿನಾಂಕ, ಗಂಟೆ, ನಿಮಿಷದ ಸಮೇತ ಅದರಲ್ಲಿ ದಾಖಲಾಗುತ್ತಿತ್ತು. ತಿಂಗಳು ಮುಗಿದ ಮೇಲೆ ನಾನು ಪಟ್ಟಿ ತೆಗೆದು ಕೊಡಬೇಕು. ನರ್ಸ್ ಶಾರದಮ್ಮ ಅವರಿಗೆಲ್ಲ ಫೋನ್ ಮಾಡಿ ಚಿಕಿತ್ಸೆಗೆ ಕರೆಯಬೇಕು. ಕಣ್ಣಿನ ಒತ್ತಡದ ಈ ಕಾಯಿಲೆಯಲ್ಲಿ ಒಮ್ಮೆ ಹೋದ ದೃಷ್ಟಿ ಮರಳುವುದಿಲ್ಲ.

ಜುಲೈ ಪಟ್ಟಿಗೆ ನಾನು ಬರೆದ SQL ಕ್ವೆರಿ, ಅಂದರೆ ಡೇಟಾಬೇಸ್‌ಗೆ ಹಾಕುವ ಪ್ರಶ್ನೆ, ಕೇಳಿದ್ದು ಇಷ್ಟೆ: ಜುಲೈ 1ರಿಂದ ಜುಲೈ 31ರ ನಡುವಿನ ದಾಖಲೆಗಳು. ಗಂಟೆ ಹೇಳದಿದ್ದರೆ ಕಂಪ್ಯೂಟರ್ 31 ಎಂಬುದನ್ನು ಆ ದಿನ ಶುರುವಾಗುವ ಸೊನ್ನೆ ಗಂಟೆ ಎಂದೇ ತಿಳಿಯುತ್ತದೆ. ಆ ದಿನ ಬೆಳಿಗ್ಗೆ ಹತ್ತಕ್ಕೆ ಬಂದವರು ಲೆಕ್ಕದಿಂದ ಹೊರಗೆ. ಇದೇನು ನನಗೆ ಗೊತ್ತಿಲ್ಲದ ವಿಷಯವಲ್ಲ. ಅವಸರ, ಮತ್ತೆ ಉಡಾಫೆ.

31ರ ಶಿಬಿರ ನಡೆದದ್ದು ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ. ಶಿಬಿರಕ್ಕೆ ಹೋಗಿರದ ಶಾರದಮ್ಮ ಪಟ್ಟಿ ನೋಡಿ ಕೇಳಿಯೂ ಕೇಳಿದರು: “ಆದಿವಾಲದ್ದು ಒಬ್ರೂ ಇಲ್ವಲ್ರಿ?”

“ಸೋಮವಾರ ಅಲ್ವಾ ಮೇಡಂ, ಎಲ್ಲಾ ಹೊಲಕ್ಕೆ ಹೋಗಿರ್ತಾರೆ,” ಎಂದೆ. ಪೇಟೆಯಲ್ಲಿ ಬೆಳೆದವನ ಜಾಣತನ.

ಡಿಸೆಂಬರ್‌ನಲ್ಲಿ ಆದಿವಾಲದ ತಿಪ್ಪಮ್ಮ ಎಂಬ ಅಜ್ಜಿ ಶಿಬಿರದ ಚೀಟಿ ಹಿಡಿದು ತಾವಾಗಿಯೇ ಬಂದರು. ಬಲಗಣ್ಣು ಪೂರ್ತಿ ಹೋಗಿತ್ತು.

“ಫೋನ್ ಮಾಡ್ತೀವಿ ಅಂದಿದ್ರಲ್ಲಪ್ಪ. ಹೊಲಕ್ಕೋದ್ರೂ ಫೋನ್ನ ಸೆರಗಿಗೆ ಕಟ್ಕಂಡೋಗ್ತಿದ್ದೆ.”

ಶಿಬಿರದ ದಿನ ಊರಿನವರೆಲ್ಲ ಹೊಲಕ್ಕೆ ಹೋಗಿರಲಿಲ್ಲವೇ ಎಂದು ಕೇಳಿದೆ.

“ಸೋಮವಾರ ಯಾರಪ್ಪ ಎತ್ತು ಹೂಡ್ತಾರೆ? ಬಸವಣ್ಣನ ವಾರ ಅದು. ಊರೆಲ್ಲಾ ನಿಮ್ ಕ್ಯಾಂಪ್ ತಾವೇ ಕುಂತಿತ್ತು.”

ಓಡಿಹೋಗಿ 31ರ ದಾಖಲೆ ತೆಗೆದೆ. ಹತ್ತೊಂಬತ್ತು ಹೆಸರು. ಕ್ವೆರಿಯನ್ನು ‘ಜುಲೈ 1ರಿಂದ, ಆಗಸ್ಟ್ 1ಕ್ಕಿಂತ ಮೊದಲು’ ಎಂದು ತಿದ್ದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉಳಿದ ಹದಿನೆಂಟು ಜನರಿಗೆ ಅಂದೇ ಫೋನ್ ಮಾಡಿ ಕರೆಸಿದೆವು. ಅವರ ಕಣ್ಣು ಉಳಿದವು.

ಒಂದು ಊರಿಗೆ ಊರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಕೂತಲ್ಲೇ ಕಾರಣ ಕಟ್ಟಬಾರದು, ಆ ಊರಿನವರನ್ನು ಕೇಳಬೇಕು. ಈಗ ಕೆಲಸಕ್ಕೆ ಸೇರುವ ಹೊಸಬರಿಗೆಲ್ಲ ಇದನ್ನು ಹೇಳುತ್ತೇನೆ. ಹೇಳದೆ ಮುಚ್ಚಿಟ್ಟದ್ದು ಇನ್ನೊಂದಿದೆ. ಫೋನ್ ಯಾಕೆ ಬರಲಿಲ್ಲ ಎಂದು ತಿಪ್ಪಮ್ಮ ಕೇಳಿದಾಗ, ತಪ್ಪು ನನ್ನದು ಎನ್ನಲು ನನಗೆ ಬಾಯಿ ಬರಲಿಲ್ಲ. “ಕಂಪ್ಯೂಟರ್ ತಪ್ಪು ಮಾಡ್ತು ಅಜ್ಜಿ,” ಎಂದೆ.

ಆಕೆ ಎಡಗಣ್ಣನ್ನು ನನ್ನ ಕಡೆ ತಿರುಗಿಸಿದರು. “ಹೋಗ್ಲಿ ಬಿಡಪ್ಪ, ಅದನ್ನೇನ್ ಬಯ್ಯಾದು. ಅದ್ಕೇನ್ ಜೀವ ಐತಾ?”