ನೀರು ಬಿದ್ದರೆ ಕಾಣುವ ಆಯಿ

ಒಣಗಿದ ಫರಸಿ ಕಲ್ಲಿಗೆ ನೀರು ಬಿದ್ದಾಗ ಏಳುವ ತಣ್ಣನೆಯ ವಾಸನೆ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೋ ತಿಳಿಯದು, ನನ್ನನ್ನಂತೂ ಶಹಾಬಾದದ ನಮ್ಮ ಹಳೆಯ ಅಡುಗೆಮನೆಗೆ ಒಯ್ದು ನಿಲ್ಲಿಸುತ್ತದೆ. ಅಪ್ಪ ಕಲ್ಲು ಕೊಯ್ದು ಪಾಲಿಶ್ ಮಾಡುವವನು. ಚಿತ್ರ ಬರೆಯಲು ನಮಗೆ ಕಾಗದದ ಹಂಗೇ ಇರಲಿಲ್ಲ. ಭಾನುವಾರ ನಾನು, ಗೆಳತಿಯರಾದ ನಸ್ರೀನ್, ಮಲ್ಲಮ್ಮ ಮೂವರೂ ಒಡೆದ ಫರಸಿ ತುಂಡು ಹೊತ್ತು, ಒಲೆಯ ಇದ್ದಿಲು ಕಟ್ಟಿಕೊಂಡು ಕಾಗಿಣಾ ನದಿಯ ಮರಳಿಗೆ ಓಡುತ್ತಿದ್ದೆವು. ಎಮ್ಮೆ, ಬಂಡೆ, ಬಟ್ಟೆ ಒಗೆಯುವ ಹೆಂಗಸರು, ಕಂಡದ್ದೆಲ್ಲ ಕಲ್ಲಿಗಿಳಿಯುತ್ತಿತ್ತು. ಹೊತ್ತಿಳಿದ ಮೇಲೆ ಚಿತ್ರವನ್ನು ಹೊಳೆಯಲ್ಲಿ ತೊಳೆದೇ ಮನೆಗೆ ಬರಬೇಕು, ಮುಂದಿನ ವಾರಕ್ಕೂ ಅದೇ ಕಲ್ಲು. ನಸ್ರೀನ್ ನಗುತ್ತ ತೊಳೆಯುತ್ತಿದ್ದಳು. ನಾನು ಮಾತ್ರ ಪ್ರತಿ ಸಲವೂ ಕೊನೆಯವಳಾಗಿ ನೀರಿಗಿಳಿಯುತ್ತಿದ್ದೆ.

ಒಂದು ಭಾನುವಾರ ಅಪ್ಪನ ತಾಯಿ, ನಮ್ಮ ಆಯಿ, ಹೊಳೆಯಲ್ಲಿ ಕೌದಿ ಒಗೆಯುವವಳಿದ್ದಳು. ಅವಳ ಚಿತ್ರಕ್ಕೆಂದು ಒಳ್ಳೆಯ ಕಲ್ಲನ್ನೇ ಒಯ್ದೆ. ನೀರಿನ ಕೊಡ ಇಡಲೆಂದು ಅಪ್ಪ ಮೂರು ದಿನ ತಿಕ್ಕಿ ನುಣುಪು ಮಾಡಿದ ಕಲ್ಲದು. ಇದ್ದಿಲು ತಾನೇ, ತೊಳೆದರಾಯಿತು ಎಂದುಕೊಂಡಿದ್ದೆ. ಪಾಲಿಶ್ ಮಾಡಿದ ಕಲ್ಲಿಗೆ ಇದ್ದಿಲು ಹಿಡಿಯದೆಂಬುದು ಕಲ್ಲು ಕೊಯ್ಯುವವನ ಮಗಳಿಗೇ ಮರೆತಿತ್ತು! ಆಯಿಯ ಚಿತ್ರ ಬಿಟ್ಟು ಬರಲು ಮನಸ್ಸಾಗದೆ, ಮರಳಲ್ಲಿ ಸಿಕ್ಕ ಮೊಳೆ ಹಿಡಿದು ಗೀರಿದೆ.

ಮನೆಯಲ್ಲಿ ಅಪ್ಪ ಕಲ್ಲನ್ನು ಬೆಳಕಿಗೆ ತಿರುಗಿಸಿ ನೋಡಿದ. ಮತ್ತೆ ತಿಕ್ಕಿದರೆ ಗೀರುಗಳು ಹೋಗುತ್ತಿದ್ದವು, ಆಯಿಯೂ ಹೋಗುತ್ತಿದ್ದಳು. ನಾನು ಅಳಲು ಸಿದ್ಧಳಾಗಿಯೇ ನಿಂತಿದ್ದೆ.

"ಯಾರ ಇಕಿ? ನಮ್ಮವ್ವ ಏನು?"

ತಲೆಯಾಡಿಸಿದೆ.

"ಮೂಗು ಭಾಳ ಸಣ್ಣ ಮಾಡೀದಿ ನೋಡು," ಎಂದವನೇ ಉಳಿ ತಂದು ಮೂಗೊಂದನ್ನೇ ಆಳವಾಗಿ ಕೊರೆದು ತಿದ್ದಿದ.

ಆಯಿ ಬಗ್ಗಿ ನೋಡಿ, "ಏ, ನನ್ನ ಮೂಗು ಇಷ್ಟುದ್ದ ಅದ ಏನೋ?" ಎಂದು ಸೆರಗು ಅಡ್ಡ ಹಿಡಿದು ನಕ್ಕಳು.

ಕಲ್ಲು ಅಡುಗೆಮನೆಯ ಕೊಡಗಳ ಕೆಳಗೆ ಸೇರಿತು. ನೀರು ತುಳುಕಿದರೆ ಆಯಿ ಕಾಣುತ್ತಿದ್ದಳು, ಒಣಗಿದರೆ ಮಾಯ. ಮನೆಗೆ ಬಂದವರಿಗೆಲ್ಲ ಅಪ್ಪ ಕೊಡ ಸರಿಸಿ, ಒಂದು ಚರಿಗೆ ನೀರು ಸುರಿದು ತೋರಿಸುತ್ತಿದ್ದ: "ನಮ್ಮ ಹುಡುಗಿ ತೆಗ್ದಾಳ್ರಿ ಈ ಚಿತ್ರ." ತನ್ನ ಉಳಿಯ ಮಾತನ್ನು ಎಂದೂ ಎತ್ತಲಿಲ್ಲ. ಆ ಹೆಮ್ಮೆ ಉಂಡೇ ನಾನು ಬೆಳೆದೆ.

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಮನೆಯೂ ಇಲ್ಲ. ಆ ಕಲ್ಲೊಂದನ್ನು ನಾನು ಕಿತ್ತು ತಂದಿದ್ದೇನೆ. ಮೊನ್ನೆ ನಸ್ರೀನ್ ಮೊಮ್ಮಗಳೊಂದಿಗೆ ಬಂದಾಗ ಚರಿಗೆ ನೀರು ಸುರಿದೆ. ಇಷ್ಟು ವರ್ಷ ಕೊಡ ಉಜ್ಜಿ ಉಜ್ಜಿ ನನ್ನ ಗೀರುಗಳೆಲ್ಲ ಸವೆದಿದ್ದವು. ಉದ್ದನೆಯ ಮೂಗೊಂದೇ ಕಲ್ಲಿನ ನಡುವೆ ಎದ್ದು ಬಂತು.

"ಯಾರು ತೆಗ್ದಾರ ಇದು?" ಮಗು ಕೇಳಿತು.

"ನಮ್ಮಪ್ಪ ತೆಗ್ದಾನವ್ವ," ಎಂದೆ.