ಹಾಲಿನ ಬೂತಿನ ಮುಂದೆ ಎಥಿಲೀನ್

ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ನಿವೃತ್ತಳಾದ ಮೇಲೂ ನಾನು ಬೆಳಗಿನ ಪಾಠ ಬಿಟ್ಟವಳಲ್ಲ. ಆ ವರ್ಷ ಕೊಳ್ಳೇಗಾಲದ ನಮ್ಮ ಮನೆಗೆ ಬರುತ್ತಿದ್ದವಳು ಒಬ್ಬಳೇ. ರಾಮಾಪುರದ ಹೆಣ್ಣುಮಗಳು, ಮದುವೆಯಾಗಿ ನಮ್ಮ ಬೀದಿಗೆ ಬಂದವಳು, ಹನೂರಿನ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕಿ. ಎಂ.ಎಸ್ಸಿ.ಯಲ್ಲಿ ಒಂದೇ ಪೇಪರು ಉಳಿದಿತ್ತು. ಈ ಸಲ ಫೇಲಾದರೆ ಮತ್ತೆ ಬರೆಯುವ ಅವಕಾಶವಿಲ್ಲ, ಪದವಿಯೇ ಕೈತಪ್ಪುತ್ತಿತ್ತು.

ಲೋಹವೂ ಇಂಗಾಲವೂ ನೇರವಾಗಿ ಬೆಸೆದುಕೊಂಡ ಕ್ರಿಯಾವರ್ಧಕಗಳು ಅವಳನ್ನು ಕಾಡುತ್ತಿದ್ದ ಪಾಠ. ಎಥಿಲೀನ್ ಎಂಬ ಅನಿಲದ ಕಣಗಳನ್ನು ಟೈಟಾನಿಯಂ ಎಂಬ ಲೋಹ ಒಂದೊಂದಾಗಿ ಪೋಣಿಸಿ ಪಾಲಿಥೀನಿನ ಉದ್ದ ಸರಪಳಿ ಮಾಡುತ್ತದೆ. ಹೊಸ ಕಣ ಸೇರುವುದು ಸರಪಳಿಯ ತುದಿಯಲ್ಲಲ್ಲ, ಲೋಹಕ್ಕೂ ಸರಪಳಿಗೂ ನಡುವೆ. ಎಷ್ಟು ಸಲ ತಿದ್ದಿದರೂ ಅವಳು ಚಿತ್ರದಲ್ಲಿ ಹೊಸ ಕಣವನ್ನು ಸರಪಳಿಯ ಬಾಲಕ್ಕೇ ಸೇರಿಸಿ ಬರೆಯುತ್ತಿದ್ದಳು. ಮತ್ತೆ ಬರೆ ಎನ್ನುತ್ತಿದ್ದೆ. ಬರೆಯುತ್ತಿದ್ದಳು, ಮರುದಿನ ಮತ್ತೆ ಬಾಲ.

ಒಂದು ಬೆಳಿಗ್ಗೆ ಪಾಠ ಮುಗಿಸಿ ಇಬ್ಬರೂ ಹಾಲಿಗೆ ಹೋದೆವು. ಬೂತಿನ ಕಿಟಕಿಯ ಮುಂದೆ ಸಾಲಿತ್ತು. ಒಬ್ಬ ಬಂದು ಪಕ್ಕದಲ್ಲಿ ನಿಂತ, ಮೆಲ್ಲಗೆ ಕಿಟಕಿಗೂ ಮೊದಲಿನವನಿಗೂ ಮಧ್ಯೆ ತೂರಿಕೊಂಡ.

“ಒಂದೇ ಪಾಕೀಟು ಕಣಣ್ಣ, ಯಳಂದೂರು ಬಸ್ಸು ಓಯ್ತದೆ.”

“ಎಲ್ರೂ ಒಂದೊಂದೇ ತಕಳದು ಕಣ್ಲಾ,” ಎಂದ ಹಿಂದೆ ತಳ್ಳಿಸಿಕೊಂಡವನು. “ನಾವೇನು ತೊಟ್ಟಿ ತುಂಬಿಸ್ಕಳಕ್ಕೆ ಬಂದಿದ್ದೀವಾ?”

ಸಾಲು ಮುರಿಯುವವರನ್ನು ನಾನು ಬಿಟ್ಟವಳಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ತೋಳು ಹಿಡಿದಳು.

“ಮೇಡಂ, ಸುಮ್ನಿರಿ. ಇನ್ನೊಬ್ಬ ನುಗ್ಲಿ, ನೋಡ್ಬೇಕು.”

ನುಗ್ಗಿದ. ಅವನೂ ಮೊದಲು ಪಕ್ಕದ ಖಾಲಿ ಜಾಗದಲ್ಲಿ ನಿಂತು, ಆಮೇಲೆ ತೂರಿದ. ನಮ್ಮ ಹಿಂದೆ ಯಾರೂ ಬಂದು ನಿಲ್ಲದೆಯೇ ಸಾಲು ಉದ್ದವಾಯಿತು, ನಾವು ಒಂದು ಹೆಜ್ಜೆ ಹಿಂದೆ ಸರಿದೆವು.

“ಕಿಟಕೀನೇ ಟೈಟಾನಿಯಂ,” ಎಂದಳು. “ಈ ಕಳ್ರೇ ಎಥಿಲೀನು.”

ನನಗೆ ನಗು ಬಂತು, ಆದರೆ ಅವಳನ್ನು ಅಷ್ಟಕ್ಕೇ ಬಿಡಲಿಲ್ಲ. ಈ ಹೋಲಿಕೆ ಎಲ್ಲಿ ತಪ್ಪುತ್ತದೆ ಹೇಳು ಎಂದೆ. ಹಾಲು ಸಿಕ್ಕವನು ಮನೆಗೆ ಹೋಗುತ್ತಾನೆ, ಸರಪಳಿಯಲ್ಲಿ ಸೇರಿದವನು ಹೋಗುವ ಹಾಗಿಲ್ಲ ಎಂದಳು. ಅಂದಿನಿಂದ ಅವಳ ಚಿತ್ರ ತಪ್ಪಲಿಲ್ಲ. ಆದರೂ ಪರೀಕ್ಷೆಯವರೆಗೆ ದಿನವೂ ಬರೆಸಿದೆ.

ಪರೀಕ್ಷೆಯಲ್ಲಿ ಬಂದದ್ದು ಬೇರೆ ಪ್ರಶ್ನೆ: ಸರಪಳಿ ಬೆಳೆಯುತ್ತಿರುವಾಗ ನಡುವೆ ಹೈಡ್ರೋಜನ್ ಅನಿಲ ಹಾಯಿಸಿದರೆ ಏನಾಗುತ್ತದೆ? ಅದನ್ನು ನಾನು ಕಲಿಸಿರಲಿಲ್ಲ. ಸಂಜೆ ಬಂದವಳನ್ನು ಕೂರಿಸಿ ಕೇಳಿದೆ. ಬೆಸುಗೆ ಇರುವುದು ಲೋಹದ ಹತ್ತಿರ, ಆದ್ದರಿಂದ ಕಡಿಯುವುದೂ ಅಲ್ಲೇ ಎಂದು ಯೋಚಿಸಿ ಬರೆದಳಂತೆ.

“ಸರಪಳಿ ಕಳಚ್ಕಂಡು ಓಯ್ತದೆ. ಲೋಹ ಸಾಯಲ್ಲ ಮೇಡಂ, ಒಂದು ಹೈಡ್ರೋಜನ್ ಇಟ್ಕಂಡು ಇನ್ನೊಂದು ಸರಪಳಿ ಸುರು ಮಾಡ್ತದೆ.”

ಸರಿಯಾಗಿತ್ತು. ಸರಿ ಎಂದಷ್ಟೇ ಹೇಳಿದೆ.

ಫಲಿತಾಂಶ ಬಂದಾಗ ಅವಳು ಫೋನು ಮಾಡಲಿಲ್ಲ. ಮರುದಿನ ಪಾಠದ ಹೊತ್ತಿಗೆ ಬಂದು, ಚಪ್ಪಲಿ ಬಿಟ್ಟು, ಎಂದಿನ ಜಾಗದಲ್ಲಿ ಕೂತು ಪಾಸಾಯಿತು ಎಂದಳು. ಹಾಗಾದರೆ ಕಾಲೇಜಿನ ಕೆಲಸಕ್ಕೆ ಇವತ್ತೇ ಅರ್ಜಿ ಹಾಕು ಎಂದೆ.

“ನೆನ್ನೇನೇ ಆಕ್ದೆ,” ಎಂದಳು.